ಓಟ್ಸ್ ಬಳಗದಿಂದ ಬಂದ ಕರೆ

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಚೆನ್ನೈನ ಒಂದು ಮಹಿಳಾ ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುತ್ತ, ಉಳಿದ ಹೊತ್ತಿನಲ್ಲಿ ಓಟ್ಸ್ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಚಾಮರಾಜನಗರದ ಕಡೆಯಿಂದ ಬಂದು ಚೆನ್ನೈನ ಅಂಚಿನ ಪೋರೂರಿನ ಮನೆಯಲ್ಲಿ ನಮ್ಮ ಜೊತೆಗಿದ್ದ ಅತ್ತೆಗೆ ಈ ಕೆಲಸವನ್ನು ವಿವರಿಸಲು ಹೋಗಿ ಸೋತಿದ್ದೆ. "ಕುದ್ರೆ ತಿನ್ನೋ ಕಾಳ್ನ ಓದಕೂ ಕಾಲೇಜ್ ಬೇಕಾ ಕನವ್ವ?" ಎಂದು ಕೇಳಿದ್ದರು. ಗೇಲಿಗಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ನನ್ನ ತೊಡಕು ಸಣ್ಣದು. ನಮ್ಮ ಕಡಲತೀರದ ಊರಿನ ಸೆಕೆಗೆ ಓಟ್ಸ್ ಹಿಟ್ಟು ಬೇಗ ಕಹಿಯಾಗುತ್ತಿತ್ತು. ಕಾಳನ್ನು ಆವಿಯಲ್ಲಿ ಬೇಯಿಸಿದರೆ ಕಹಿ ತಪ್ಪುತ್ತದೆ, ಆದರೆ ಎಷ್ಟು ಬೇಯಿಸಬೇಕೆಂಬ ಹದ ಸಿಗುತ್ತಿರಲಿಲ್ಲ. ಕೇಳೋಣವೆಂದರೆ ಊರಲ್ಲಿ ಈ ಕೆಲಸ ಮಾಡುವ ಇನ್ನೊಬ್ಬರು ನನಗೆ ಗೊತ್ತಿರಲಿಲ್ಲ. ಇದ್ದದ್ದು ಹೊರದೇಶದ ಓಟ್ಸ್ ಸಂಶೋಧಕರ ಬಳಗವೊಂದು ಇ-ಮೇಲಿನಲ್ಲಿ ಕಳಿಸುತ್ತಿದ್ದ ಸುದ್ದಿಪತ್ರ. ಎಲ್ಲಿ ಹೊಸ ತಳಿ ಬಂತು, ಎಲ್ಲಿ ಬೆಳೆಗೆ ತುಕ್ಕುರೋಗ ಬಿತ್ತು, ಯಾರು ನಿವೃತ್ತರಾಗಿ ತೋಟ ಮಾಡಿಕೊಂಡರು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಕಂಡರಿಯದ ಆ ಜನ ನನಗೆ ನೆಂಟರಂತೆ ಆಗಿಬಿಟ್ಟಿದ್ದರು.

ಒಂದು ಸಂಚಿಕೆಯ ಕೊನೆಯಲ್ಲಿ, ಅವಕಾಶಗಳು ಎಂಬ ಭಾಗದಲ್ಲಿ, ಉತ್ತರದ ಚಳಿದೇಶವೊಂದರ ಪ್ರಯೋಗಾಲಯ ಆರು ತಿಂಗಳ ತರಬೇತಿಗೆ ಕರೆದಿತ್ತು. ಬಿಸಿಲ ನಾಡಿನವರಿಗೆ ಮೊದಲ ಆದ್ಯತೆ. ನಮ್ಮ ವಿಭಾಗದ ಮುಖ್ಯಸ್ಥೆ, ನಿವೃತ್ತಿಗೆ ಹತ್ತಿರವಿದ್ದ ತಮಿಳು ಹೆಂಗಸು, ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಉನಕ್ಕಾಗವೇ ಪೋಟ್ಟ ಮಾದಿರಿ ಇರುಕ್ಕು. ಪೋಮ್ಮಾ," ಎಂದರು. ನಿನಗೆಂದೇ ಹಾಕಿದ ಹಾಗಿದೆ, ಹೋಗು ಎಂದು.

ಹೋಗುವುದು ಹೇಗೆ? ಮಗಳು ಆಗತಾನೇ ಶಾಲೆಗೆ ಸೇರಿದ್ದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ. ಅತ್ತೆಗೆ ತಮಿಳು ಬಾರದು, ಅವರ ಹಳ್ಳಿಯ ಕನ್ನಡ ಮಗಳಿಗೆ ತಿಳಿಯದು. ಅಜ್ಜಿ ಮೊಮ್ಮಗಳ ನಡುವೆ ಇದ್ದದ್ದು ಬರೀ ಕೈಸನ್ನೆ. ವಿಮಾ ಕಚೇರಿಯಲ್ಲಿದ್ದ ನನ್ನ ಗಂಡ ತಿಂಗಳಲ್ಲಿ ಅರ್ಧ ಪರವೂರಿನಲ್ಲಿ ಇರುತ್ತಿದ್ದರು. ಅರ್ಜಿ ಹಾಕುವುದಿಲ್ಲವೆಂದು ಊಟದ ಹೊತ್ತಿನಲ್ಲಿ ಹೇಳಿದೆ.

ಮುದ್ದೆ ಬಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಯಾಕವ್ವ ಹೋಗಕಿಲ್ಲ?"

"ಇವಳ ಮಾತು ನಿಮಗೆ ಅರ್ಥ ಆಗಲ್ಲ, ನಿಮ್ಮದು ಇವಳಿಗೆ ತಿಳಿಯಲ್ಲ."

"ಹಸಿವು, ನಿದ್ದೆ, ಅಳು, ಇದ್ಕೆಲ್ಲ ಯಾವ ಮಾತು ಬೇಕು? ಮಿಕ್ಕಿದ್ದ ಕಲ್ತ್ಕತೀವಿ." ನನ್ನ ತಟ್ಟೆಗೆ ಮುದ್ದೆ ಹಾಕಿ ಮತ್ತೆ ಅಂದರು, "ನನ್ನ ಯಾರೂ ಎಲ್ಗೂ ಕರೀನಿಲ್ಲ. ನಿನ್ನ ಕರೀತಾವ್ರೆ. ಹೋಗ್ಬಾ."

ನನ್ನ ಗಂಡ ತಟ್ಟೆಯಿಂದ ತಲೆಯೆತ್ತಿ ತಾಯಿಯನ್ನು ನೋಡಿದರು. ಅವರೂ ಆ ಮಾತನ್ನು ಮೊದಲ ಸಲ ಕೇಳಿದ್ದರೆಂದು ಕಾಣುತ್ತದೆ.

ಅರ್ಜಿ ಹಾಕಿದೆ, ಆಯ್ಕೆಯಾಯಿತು. ಸ್ವೆಟರಿಗಾಗಿ ಟಿ. ನಗರವೆಲ್ಲ ಸುತ್ತಿದೆವು. ಬೆವರೊರೆಸಿಕೊಳ್ಳುತ್ತ ಮಂಕಿ ಕ್ಯಾಪ್ ತೋರಿಸಿದ ಅಂಗಡಿಯವನು "ಊಟಿಕ್ಕಾ ಮೇಡಂ?" ಎಂದ. ಹೌದೆಂದುಬಿಟ್ಟೆ.

ಅಲ್ಲಿ ಕೆಲಸ ಚೆನ್ನಾಗಿ ನಡೆಯಿತು. ಸುದ್ದಿಪತ್ರದಲ್ಲಿ ಹೆಸರಾಗಿದ್ದವರು ಎದುರಿಗೆ ಕೂತು ನನ್ನ ಕಹಿಹಿಟ್ಟಿನ ಕತೆಯನ್ನು ತಾಳ್ಮೆಯಿಂದ ಕೇಳಿದರು. ಆದರೆ ಭಾನುವಾರದ ಫೋನು ನನ್ನನ್ನು ಹಣ್ಣು ಮಾಡುತ್ತಿತ್ತು. "ಎಪ್ಪೋ ವರುವೇ?", ಯಾವಾಗ ಬರ್ತೀ ಎಂದು ಮಗಳು ಅಳುತ್ತಿದ್ದಳು, ಹಿಂದಿನಿಂದ ಅತ್ತೆ ಸಮಾಧಾನ ಮಾಡುವುದು ಕೇಳಿಸುತ್ತಿತ್ತು. ಆಮೇಲೆ ಅಳು ಕಡಿಮೆಯಾಯಿತು. ಒಂದು ಭಾನುವಾರ ಫೋನೆತ್ತಿದ ಮಗಳು ಕೇಳಿದಳು:

"ಅವ್ವಾ, ಉಂಡ್ಯಾ?"

ಥೇಟ್ ಅತ್ತೆಯ ರಾಗ. ಮಗಳು ಅದುವರೆಗೆ ನನ್ನನ್ನು ಅವ್ವ ಎಂದು ಕರೆದವಳೇ ಅಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. "ಯಾಕ್ ಸುಮ್ಕಿದ್ದೀ? ಉಂಡ್ಯಾ ಇಲ್ವಾ?" ಎಂದು ಅವಳೇ ಗದರಿಸಿದಳು.

ಅಜ್ಜಿ ಮೊಮ್ಮಗಳು ಸಂಜೆ ಪೋರೂರಿನ ಕೆರೆಯ ಕಡೆ ಹೋಗಿ ಮಾತು ಬದಲಾಯಿಸಿಕೊಳ್ಳುತ್ತಾರೆಂದು ಗಂಡ ತಿಳಿಸಿದರು. ಕಂಡದ್ದಕ್ಕೆಲ್ಲ ಅವಳೊಂದು ತಮಿಳು ಹೆಸರು ಹೇಳಬೇಕು, ಇವರೊಂದು ಕನ್ನಡ ಹೆಸರು. ಅತ್ತೆ ಈಗ ತರಕಾರಿಯವಳ ಹತ್ತಿರ ತಮಿಳಿನಲ್ಲೇ ಚೌಕಾಶಿ ಮಾಡುತ್ತಾರಂತೆ.

ಆವಿಯ ಹದ ಕಲಿತು ಮನೆಗೆ ಮರಳಿದೆ. ಸಾಮಾನು ಬಿಚ್ಚುವಾಗ ಒಂದು ಫೋಟೋ ಅತ್ತೆಯ ಕೈಗೆ ಸಿಕ್ಕಿತು. ಓಟ್ಸ್ ಹೊಲದ ನಡುವೆ ನಾನು, ಸುತ್ತಲೂ ತೂಗುವ ತೆನೆಗಳು. ಬೆಳಕಿಗೆ ಹಿಡಿದು ನೋಡಿದರು.

"ಇದೇಯಾ ನಿನ್ನ ಕಾಳು? ಗೆಜ್ಜೆ ಕಟ್ದಂಗದಲ್ಲ. ಗಾಳಿ ಬಂದ್ರೆ ಸದ್ದು ಮಾಡ್ತದಾ?"

"ಮಾಡುತ್ತೆ ಅತ್ತೆ. ಒಣಗಿದ ಮೇಲೆ ಹೊಲದ ತುಂಬಾ ಸಣ್ಣಗೆ ಸರಸರ ಅನ್ನುತ್ತೆ."

ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. "ಕೂತ್ಕವ್ವ ಇಲ್ಲಿ," ಎಂದು ನನಗೂ ಜಾಗ ಮಾಡಿಕೊಟ್ಟರು. "ಅಲ್ಲಿ ಹೊಲ ಹೆಂಗಿತ್ತೋ, ಮೊದ್ಲಿಂದ ಹೇಳು."