ಸೇಸಪ್ಪ ಅವರ ಅರವತ್ತೊಂದನೆಯ ಪುಟ

ದುಬೈ, ಬೆಳಗಿನ ಐದೂಮುಕ್ಕಾಲು. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನಲ್ಲಿ ಒಂದೇ ಒಂದು ಶಟರ್ ಅರ್ಧ ಮೇಲೆದ್ದಿದೆ. ಒಳಗೆ, ಯಾವುದೋ ಹಳೆಯ ಪಿಕಪ್‌ನಿಂದ ಬಿಚ್ಚಿಟ್ಟ ಸೀಟಿನ ಮೇಲೆ ಸೇಸಪ್ಪ ಕೂತಿದ್ದಾರೆ. ಕೈಯಲ್ಲಿ ಸ್ಪ್ಯಾನರ್ ಇಲ್ಲ, ಮೊಬೈಲು ಇದೆ. ಬಲಗೈ ಹೆಬ್ಬೆರಳೊಂದನ್ನೇ ಆಡಿಸುತ್ತ ಕನ್ನಡದ ಒಂದು ಸಾಲು ಟೈಪ್ ಮಾಡುತ್ತಾರೆ, ಅಳಿಸುತ್ತಾರೆ, ಮತ್ತೆ ಅದನ್ನೇ ಟೈಪ್ ಮಾಡುತ್ತಾರೆ.

ಐವತ್ತಾರರ ಸೇಸಪ್ಪ ಬಂಟ್ವಾಳದ ಕಡೆಯವರು. ಇಪ್ಪತ್ತೆಂಟು ವರ್ಷಗಳಿಂದ ದುಬೈಯಲ್ಲಿ ಕಾರುಗಳ ಎಸಿ ರಿಪೇರಿ ಮಾಡುತ್ತಿದ್ದಾರೆ. ಸತ್ವಾ ಬಡಾವಣೆಯ ಹಳೆಯ ವಿಲ್ಲಾ ಒಂದರಲ್ಲಿ ಏಳು ಮಂದಿಯ ಜೊತೆ ಒಂದು ಕೋಣೆ ಹಂಚಿಕೊಂಡಿದ್ದಾರೆ. ಕೋಣೆಗೆ ಒಂದೇ ದೀಪ. ಅದನ್ನು ಹಾಕಿದರೆ ಏಳು ಮಂದಿಯ ನಿದ್ದೆ ಹಾಳು. ಹಾಗಾಗಿ ಬೆಳಗಿನ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ಕೆಲಸ ಶುರುವಾಗುವುದು ಎಂಟಕ್ಕೆ. ಅಲ್ಲಿಯ ತನಕದ ಎರಡು ಗಂಟೆ ಮಾತ್ರ ಅವರು ಬರಹಗಾರರು.

ಗ್ಯಾರೇಜಿನಲ್ಲಿ ಈ ಸಂಗತಿ ಯಾರಿಗೂ ಗೊತ್ತಿಲ್ಲ. ಮಾಲೀಕರಿಗೂ ಗೊತ್ತಿಲ್ಲ. ಸೇಸಪ್ಪ ಬರೆದ 'ಗಾಡಿ ಕೆಮ್ಮಿದರೆ' ಎಂಬ ನೂರಮೂವತ್ತೆರಡು ಪುಟಗಳ ಪುಸ್ತಕ ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಅಚ್ಚಾಗಿದೆ. ಗಾಡಿ ಯಾಕೆ ಕೆಡುತ್ತದೆ, ಕೆಟ್ಟಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಡ್ರೈವರುಗಳಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವ ಪುಸ್ತಕ. ಅಚ್ಚಾದದ್ದು ಐನೂರು ಪ್ರತಿ, ಉಳಿದಿರುವುದು ನಾನೂರಹನ್ನೆರಡು. ಪ್ರಕಾಶಕ ಸೆಬಾಸ್ಟಿಯನ್ ಅವರು ಮೇ ಮೂವತ್ತೊಂದಕ್ಕೆ ಗೋದಾಮು ಖಾಲಿ ಮಾಡಬೇಕು. ಅಷ್ಟರೊಳಗೆ ಇನ್ನೂರು ಪ್ರತಿಗಾದರೂ ಓದುಗರು ಸಿಕ್ಕರೆ ಉಳಿದದ್ದನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಮಾರುತ್ತಾರಂತೆ. ಇಲ್ಲದಿದ್ದರೆ ಎಲ್ಲವೂ ರದ್ದಿಗೆ.

"ನಮ್ಮ ಮನೆ ಅಟ್ಟದಲ್ಲಿ ಜಾಗ ಉಂಟು, ತಂದು ಹಾಕ್ಬಹುದು" ಎನ್ನುತ್ತಾರೆ ಸೇಸಪ್ಪ. "ಆದ್ರೆ ಅಟ್ಟದಲ್ಲಿರುವುದು ಗೆದ್ದಲು. ಅದಕ್ಕೆ ಗಾಡಿ ಓಡಿಸ್ಲಿಕ್ಕೆ ಇಲ್ಲ."

ಹೆಸರಿಲ್ಲದ ಲೇಖಕನ ಪುಸ್ತಕ ತಾನಾಗಿ ನಡೆದುಕೊಂಡು ಓದುಗರ ಮನೆಗೆ ಹೋಗುವುದಿಲ್ಲ. ಜಾಹೀರಾತು ಕೊಡುವ ತಾಕತ್ತು ಅವರಿಗಿಲ್ಲ. ಹಾಗಾಗಿ ಹೋದ ವರ್ಷ ಅವರು ಹಿಡಿದ ದಾರಿ ಅತಿಥಿ ಬರಹ. ಈಗಾಗಲೇ ಓದುಗರಿರುವ ಬೇರೆಯವರ ಬ್ಲಾಗಿಗೆ ಪುಕ್ಕಟೆಯಾಗಿ ಒಂದು ಬರಹ ಕೊಡುವುದು, ಆ ಬರಹದ ಕೊನೆಗೆ ತನ್ನ ಪರಿಚಯ, ತನ್ನ ಪುಸ್ತಕದ ಹೆಸರು, ಅದು ಸಿಗುವ ಜಾಗ ಹಾಕಿಸಿಕೊಳ್ಳುವುದು. ಜನ ಮೆಚ್ಚಿದರೆ ಪುಸ್ತಕ ಹುಡುಕಿಕೊಂಡು ಬರುತ್ತಾರೆ ಎಂಬ ಲೆಕ್ಕಾಚಾರ.

ಸೇಸಪ್ಪ ಹನ್ನೊಂದು ಬರಹ ಬರೆದರು. ಅಡುಗೆ ಬ್ಲಾಗಿಗೆ, ಡಿಕ್ಕಿಯಲ್ಲಿಟ್ಟ ಮೀನು ಎಷ್ಟು ನಿಮಿಷಕ್ಕೆ ಕೆಡುತ್ತದೆ ಎಂದು. ಪ್ರವಾಸದ ಬ್ಲಾಗಿಗೆ, ಒಮಾನ್ ಗಡಿಯ ಹತ್ತಾ ಬೆಟ್ಟದ ದಾರಿ ಏರುವ ಮೊದಲು ಇಂಜಿನ್ ತಂಪಿಡುವ ಕೂಲೆಂಟ್ ನೋಡಿಕೊಳ್ಳುವುದು ಹೇಗೆ ಎಂದು. ಯೋಗದ ಬ್ಲಾಗನ್ನೂ ಬಿಡಲಿಲ್ಲ. ಸ್ಟಿಯರಿಂಗ್ ಹಿಂದೆ ಬೆನ್ನು ನೆಟ್ಟಗೆ ಕೂರುವ ಬಗೆಯನ್ನು ಬರೆದು ಕಳಿಸಿದರು. ಹನ್ನೊಂದೂ ಪ್ರಕಟವಾದವು, ಜನ ಹೊಗಳಿದರು. ಪುಸ್ತಕ ಮಾತ್ರ ಒಂದೂ ಹೋಗಲಿಲ್ಲ.

ಯಾಕೆಂದು ಪತ್ತೆ ಹಚ್ಚಿದವರು ಅಝೀಝಾ. ಭಟ್ಕಳದ ವ್ಯಾಪಾರಸ್ಥ ಕುಟುಂಬದ ಈ ಹೆಣ್ಣುಮಗಳು ಅಬುಧಾಬಿಯಲ್ಲಿ ಕೂತು 'ಒಂದು ಲೋಟ ಸುಲೈಮಾನಿ' ಎಂದು ಹಾಲಿಲ್ಲದ ಚಹಾದ ಹೆಸರಿಟ್ಟ ಕನ್ನಡ ಬ್ಲಾಗ್ ನಡೆಸುತ್ತಾರೆ. ಕೊಲ್ಲಿಯ ಕನ್ನಡ ಮನೆಗಳಲ್ಲಿ ಅದಕ್ಕೆ ದೊಡ್ಡ ಓದುಗ ಬಳಗವಿದೆ. ಸೇಸಪ್ಪ ಹನ್ನೆರಡನೆಯ ಬರಹಕ್ಕಾಗಿ ಅವರನ್ನು ಕೇಳಿದಾಗ, ಅಝೀಝಾ ಹಳೆಯ ಹನ್ನೊಂದನ್ನೂ ತೆರೆದು ನೋಡಿದರು. ಒಂದರಲ್ಲೂ ಪುಸ್ತಕದ ಹೆಸರಿಲ್ಲ. ಪರಿಚಯದ ಜಾಗದಲ್ಲಿ ಇದ್ದದ್ದು ಎರಡೇ ಪದ: 'ಗ್ಯಾರೇಜ್ ಕೆಲಸ.'

ಇದು ಮರೆವಲ್ಲ, ಮರ್ಯಾದೆ. "ಊಟಕ್ಕೆ ಕರೆದವರ ಮನೆಯಲ್ಲಿ ಕೂತು ನಮ್ಮ ಅಂಗಡಿ ಸುದ್ದಿ ಹೇಳಿದ್ರೆ ಎಂತ ಚಂದ?" ಎಂದು ಸೇಸಪ್ಪ ಈಗಲೂ ಕೇಳುತ್ತಾರೆ. "ಅತಿಥಿ ಅಂದ ಮೇಲೆ ಉಂಡು, ಕೈ ತೊಳ್ದು, ಊಟ ಲಾಯ್ಕ ಆಗಿತ್ತು ಅಂತ ಹೇಳಿ ಬರ್ಬೇಕು."

ಅಝೀಝಾ ನಕ್ಕರಂತೆ, ಆಮೇಲೆ ಸ್ವಲ್ಪ ಗದರಿಸಿದರಂತೆ. "ಕೇಳದಿದ್ರೆ ಹೆತ್ತಮ್ಮನೂ ಬಡಿಸುವುದಿಲ್ಲ ಸೇಸಪ್ಪಣ್ಣ. ನಿಮಗೆ ಇರುವುದು ಇನ್ನು ಇಪ್ಪತ್ತು ದಿನ. ಈ ಸಲ ನಾನು ಹೇಳಿದ ಹಾಗೆ ಬರೀಬೇಕು. ಪರಿಚಯ ಸರಿಯಾಗಿ ಹಾಕಿ. ಮತ್ತೆ, ಎಲ್ಲವನ್ನೂ ಬ್ಲಾಗಲ್ಲೇ ಕೊಟ್ಟು ಮುಗಿಸ್ಬೇಡಿ. ಮುಖ್ಯ ವಿಷಯ ಬರುವಾಗ ನಿಲ್ಲಿಸಿ. ಉಳಿದದ್ದು ಪುಸ್ತಕದಲ್ಲಿ ಉಂಟು ಅಂತ ಹೇಳಿ." ವ್ಯಾಪಾರ ಬಲ್ಲವರ ಮಾತು. ತಪ್ಪೇನೂ ಇರಲಿಲ್ಲ.

ಕಷ್ಟವಾದದ್ದು ವಿಷಯದಿಂದ. ಸೇಸಪ್ಪ ಆರಿಸಿಕೊಂಡದ್ದು ಪುಸ್ತಕದ ಅರವತ್ತೊಂದನೆಯ ಪುಟವನ್ನು. ಮಧ್ಯಾಹ್ನದ ಸೆಖೆಗೆ ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಗಾಡಿಯೊಳಗೇ ಮಲಗುವವರ ಕುರಿತ ಪುಟ ಅದು. ಇಡೀ ಪುಸ್ತಕ ಹುಟ್ಟಿದ್ದೇ ಆ ಒಂದು ಪುಟಕ್ಕಾಗಿ.

ಹದಿನಾರು ವರ್ಷದ ಹಿಂದೆ ಅವರ ಕೋಣೆಯಲ್ಲಿ ಡಿಕ್ಸನ್ ಎಂಬ ವ್ಯಾನ್ ಡ್ರೈವರ್ ಇದ್ದರು. ಒಂದು ದಿನ ಬೆಳಿಗ್ಗೆ ಅವರ ವ್ಯಾನಿನ ಎಸಿಯನ್ನು ಸೇಸಪ್ಪನವರೇ ಸರಿ ಮಾಡಿ ಕೊಟ್ಟರು. ಮಧ್ಯಾಹ್ನ ಡಿಕ್ಸನ್ ಬಾಗಿಲು ಮುಚ್ಚಿದ ಗೋದಾಮಿನೊಳಗೆ ವ್ಯಾನ್ ನಿಲ್ಲಿಸಿ, ಎಸಿ ಹಾಕಿ ಮಲಗಿದರು. ಮತ್ತೆ ಏಳಲಿಲ್ಲ. ತುಕ್ಕು ಹಿಡಿದು ತೂತಾಗಿದ್ದ ಸೈಲೆನ್ಸರ್‌ನಿಂದ ಬಂದ ವಿಷಾನಿಲ ಒಳಗೆ ತುಂಬಿತ್ತು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

"ಎಸಿ ತಣ್ಣಗೆ ಮಾಡಿ ಕೊಟ್ಟವ ನಾನು. ಅಡಿಗೆ ಬಗ್ಗಿ ನೋಡ್ಲಿಲ್ಲ. ಅದು ನನ್ನ ಕೆಲಸ ಅಲ್ಲ ಅಂತ ಇತ್ತು ಆಗ" ಎನ್ನುತ್ತಾರೆ ಸೇಸಪ್ಪ. ಈಗ ದಿನಕ್ಕೆ ಏಳೆಂಟು ಗಾಡಿ ಅವರ ಕೈಗೆ ಬರುತ್ತವೆ. ಎಸಿ ಮುಟ್ಟುವ ಮೊದಲು ಪ್ರತಿಯೊಂದರ ಅಡಿಗೂ ತೂರಿ ಸೈಲೆನ್ಸರ್ ನೋಡುತ್ತಾರೆ. ಹೊತ್ತು ಹಾಳೆಂದು ಮಾಲೀಕರು ಗೊಣಗುತ್ತಾರೆ. ಸೇಸಪ್ಪ ಕೇಳಿಸದವರಂತೆ ಇರುತ್ತಾರೆ.

ಇವತ್ತು ಗುರುವಾರ, ಹನ್ನೆರಡನೆಯ ಬರಹ ಹೊರಬರುವ ದಿನ. ಬೆಳಿಗ್ಗೆಯಿಂದ ಅವರು ಬರೆದು ಅಳಿಸುತ್ತಿದ್ದದ್ದು ಅದರ ಕೊನೆಯ ಸಾಲನ್ನು. 'ಹಾಗಾದರೆ ಏನು ಮಾಡಬೇಕು? ಉತ್ತರ ನನ್ನ ಪುಸ್ತಕದ ಅರವತ್ತೊಂದನೆಯ ಪುಟದಲ್ಲಿದೆ.' ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಆ ಸಾಲು ಚುಚ್ಚುತ್ತಿದೆ. ಆದರೂ ನಾನೂರಹನ್ನೆರಡು ಪುಸ್ತಕ ರದ್ದಿಗೆ ಹೋಗುವುದನ್ನು ನೆನೆದು, ಅದನ್ನೇ ಉಳಿಸಿ ಕಳಿಸುತ್ತಾರೆ. ಒಂಬತ್ತಕ್ಕೆ ಬರಹ ಬ್ಲಾಗಿಗೆ ಏರುತ್ತದೆ.

ಹನ್ನೊಂದೂಮುಕ್ಕಾಲಿಗೆ ಅಝೀಝಾ ಅವರ ಸಂದೇಶ ಬರುತ್ತದೆ. "ನೋಡಿ ಸೇಸಪ್ಪಣ್ಣ, ನಾನು ಹೇಳ್ಲಿಲ್ವಾ? ಈಗಲೇ ಹತ್ತು ಜನ ಪುಸ್ತಕ ಕೇಳಿದ್ದಾರೆ. ನಾನು ಮಗಳ ಶಾಲೆಯ ಮೀಟಿಂಗಿಗೆ ಹೋಗ್ತಿದ್ದೇನೆ, ಮತ್ತೆ ಮಾತಾಡುವ." ವರ್ಷವಿಡೀ ಒಂದೂ ಹೋಗದ ಪುಸ್ತಕಕ್ಕೆ ಒಂದೇ ಬೆಳಿಗ್ಗೆ ಹತ್ತು ಗಿರಾಕಿಗಳು. ಸೇಸಪ್ಪ ಕೈ ಒರೆಸಿಕೊಂಡು, ಬರಹದ ಕೆಳಗೆ ಅವರು ಬರೆದದ್ದನ್ನು ಒಂದೊಂದೇ ಓದುತ್ತ ಹೋಗುತ್ತಾರೆ. ಹತ್ತನೆಯದನ್ನು ಬರೆದವರು ಅನ್ಸಿಫ್ ಎಂಬವರು.

'ನಾನು ಅಬುಧಾಬಿಯ ಮುಸಫ್ಫಾದಲ್ಲಿ ಪಿಕಪ್ ಓಡಿಸುವವ. ದಿನಾ ಒಂದು ಗಂಟೆಗೆ ಊಟ ಮಾಡಿ ಗಾಡಿಯಲ್ಲೇ ಎಸಿ ಹಾಕಿ ಮಲಗ್ತೇನೆ, ಗೋದಾಮಿನ ಒಳಗೆ, ನೆರಳಲ್ಲಿ. ಕಿಟಕಿ ಎರಡು ಬೆರಳು ಇಳಿಸಿದ್ರೆ ಸಾಕಲ್ಲ? ಪುಸ್ತಕ ನನಗೂ ಒಂದು ಬೇಕು. ಎಷ್ಟು ದಿನದಲ್ಲಿ ಬರ್ತದೆ?'

ಸೇಸಪ್ಪನವರ ಮುಖ ಕಪ್ಪಿಡುತ್ತದೆ. ಪುಸ್ತಕ ಮಂಗಳೂರಿನಿಂದ ಬರಲು ಹನ್ನೆರಡು ದಿನ ಬೇಕು. ಒಂದು ಗಂಟೆಯಾಗಲು ಇರುವುದು ಎಪ್ಪತ್ತೈದು ನಿಮಿಷ. ಎರಡು ಬೆರಳು ಸಾಕಾಗುವುದಿಲ್ಲ ಎಂದು ಅವರು ತಕ್ಷಣ ಬರಹದ ಕೆಳಗೆ ಉತ್ತರ ಬರೆಯುತ್ತಾರೆ. ಆದರೆ ಅಝೀಝಾ ಒಪ್ಪಿಗೆ ಕೊಡದೆ ಆ ಬ್ಲಾಗಿನಲ್ಲಿ ಯಾರ ಮಾತೂ ಕಾಣಿಸುವುದಿಲ್ಲ. 'ಪರಿಶೀಲನೆಯಲ್ಲಿದೆ' ಎಂದು ಬರುತ್ತದೆ. ಅನ್ಸಿಫ್ ಅವರ ನಂಬರ್ ಇಲ್ಲ. ಅಝೀಝಾ ಫೋನ್ ಎತ್ತುವುದಿಲ್ಲ.

ಹೊರಗೆ ನಲವತ್ತಮೂರು ಡಿಗ್ರಿ. ಸೇಸಪ್ಪ ನಿಂತಲ್ಲಿ ನಿಲ್ಲಲಾರರು, ಕೂತಲ್ಲಿ ಕೂರಲಾರರು. ಬಿಚ್ಚಿದ ಕಂಪ್ರೆಸರ್ ಹಾಗೇ ಬಿದ್ದಿದೆ. ಗಾಡಿಗಳ ಸಾಲಿನ ಹಿಂದೆ ಹೋಗಿ ಅರವತ್ತೊಂದನೆಯ ಪುಟವನ್ನು ನೆನಪಿನಿಂದಲೇ ಟೈಪ್ ಮಾಡಿ ಅಝೀಝಾ ಅವರಿಗೆ ಕಳಿಸುತ್ತಾರೆ. ಮತ್ತೆ ಫೋನ್, ಮತ್ತೆ ಫೋನ್. ಮಾಲೀಕರು ಬಂದು "ಎಂತ ಸೇಸಪ್ಪ, ಊರಲ್ಲಿ ಏನಾದ್ರೂ ಆಯ್ತಾ?" ಎಂದು ಕೇಳುತ್ತಾರೆ. ಇಲ್ಲ ಎಂದು ತಲೆಯಾಡಿಸುತ್ತಾರೆ. ಡಿಕ್ಸನ್ ವಿಷಯದಲ್ಲಿ ಗೊತ್ತಿಲ್ಲದೆ ತಪ್ಪಿದರು. ಈ ಸಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರು, ಅದೂ ಪುಸ್ತಕ ಹೋಗಲೆಂದು. ಆ ಎಪ್ಪತ್ತೈದು ನಿಮಿಷ ಅವರನ್ನು ತಿಂದದ್ದು ಇದೇ ಯೋಚನೆ.

ಹನ್ನೆರಡೂ ಐವತ್ತಕ್ಕೆ ಅಝೀಝಾ ಅವರೇ ಫೋನ್ ಮಾಡುತ್ತಾರೆ.

"ಎಂತಾಯ್ತು ಸೇಸಪ್ಪಣ್ಣ? ಹದಿನಾಲ್ಕು ಮಿಸ್ಡ್ ಕಾಲ್ ಉಂಟು. ಮೀಟಿಂಗಿನಿಂದ ಈಗ ಹೊರಗೆ ಬಂದದ್ದು ನಾನು."

"ಆ ಕೊನೆಯ ಸಾಲು ತೆಗೀಬೇಕಮ್ಮ. ಇಡೀ ಪುಟ ಕಳಿಸಿದ್ದೇನೆ, ಅದನ್ನು ಹಾಕಿ. ಈಗಲೇ ಆಗ್ಬೇಕು."

"ಇಡೀ ಪುಟವಾ? ಎಲ್ಲ ಬ್ಲಾಗಲ್ಲೇ ಸಿಕ್ಕಿದ್ರೆ ಪುಸ್ತಕ ಯಾರು ತಗೊಳ್ತಾರೆ? ಮೂವತ್ತೊಂದಕ್ಕೆ ನಿಮ್ಮ ಸೆಬಾಸ್ಟಿಯನ್ ಅವರು..."

"ಗೊತ್ತುಂಟು. ಅನ್ಸಿಫ್ ಅನ್ನುವವರು ಬರೆದದ್ದು ಓದಿ. ಅವರು ಒಂದು ಗಂಟೆಗೆ ಮಲಗ್ತಾರೆ."

ಆ ಕಡೆ ಅಝೀಝಾ ಅದನ್ನು ತೆರೆದು ಓದುತ್ತಾರೆ. ಮತ್ತೆ ಮಾತಾಡುವಾಗ ದನಿ ಬದಲಾಗಿದೆ. "ಯಾ ಅಲ್ಲಾಹ್. ನಾನಿದನ್ನು ಸರಿಯಾಗಿ ಓದ್ಲೇ ಇಲ್ಲ. ಅವರ ಇಮೇಲ್ ನನ್ನ ಹತ್ರ ಉಂಟು, ಅದಕ್ಕೂ ಕಳಿಸ್ತೇನೆ. ನೀವು ಫೋನ್ ಇಡಿ."

ಶಾಲೆಯ ಕಾರಿಡಾರಿನಲ್ಲಿ ನಿಂತೇ ಅವರು ಬರಹ ಬದಲಿಸುತ್ತಾರೆ. ಹನ್ನೆರಡೂ ಐವತ್ತೆಂಟಕ್ಕೆ ಅರವತ್ತೊಂದನೆಯ ಪುಟ ಬ್ಲಾಗಿನಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ: 'ಕಿಟಕಿ ಇಳಿಸಿದರೂ ನಂಬಬೇಡಿ. ಇಂಜಿನ್ ಚಾಲೂ ಇರುವ ಗಾಡಿಯಲ್ಲಿ ಮಲಗಲೇಬೇಡಿ, ಮುಚ್ಚಿದ ಜಾಗದಲ್ಲಂತೂ ಬೇಡವೇ ಬೇಡ. ತಲೆನೋವು, ತಲೆಸುತ್ತು ಬಂದರೆ ಎಸಿ ಜಾಸ್ತಿ ಮಾಡಬೇಡಿ, ಕೂಡಲೇ ಇಳಿದು ಹೊರಗೆ ಬನ್ನಿ, ಜನರನ್ನು ಕರೆಯಿರಿ. ಮಲಗುವುದಿದ್ದರೆ ಗಾಡಿ ಆಫ್ ಮಾಡಿ, ಇಳಿದು, ತಂಪು ಜಾಗ ಹುಡುಕಿಕೊಳ್ಳಿ. ನಿದ್ದೆಗಿಂತ ಎಚ್ಚರವಾಗುವುದು ದೊಡ್ಡದು.'

ಒಂದು ಗಂಟೆ ಆಗುತ್ತದೆ, ಎರಡು ಆಗುತ್ತದೆ. ಉತ್ತರವಿಲ್ಲ. ಸೇಸಪ್ಪನವರ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಮೂರೂವರೆಗೆ ಒಂದು ಗಾಡಿಯ ಅಡಿಯಲ್ಲಿ ಮಲಗಿ ಸೈಲೆನ್ಸರ್ ತಟ್ಟಿ ನೋಡುತ್ತಿರುವಾಗ ಜೇಬಿನಲ್ಲಿ ಮೊಬೈಲು ಅದುರುತ್ತದೆ. ಅಲ್ಲೇ, ಮಲಗಿದಲ್ಲೇ ತೆಗೆದು ನೋಡುತ್ತಾರೆ. ಅನ್ಸಿಫ್ ಕಳಿಸಿದ್ದನ್ನು ಅಝೀಝಾ ದಾಟಿಸಿದ್ದಾರೆ.

'ಗಾಡಿ ಹತ್ತುವಾಗ ಇಮೇಲ್ ನೋಡಿದೆ. ಆಫ್ ಮಾಡಿ ಇಳಿದು ಆಫೀಸಿನ ನೆಲದಲ್ಲಿ ಮಲಗಿದೆ. ಸೊಂಟ ನೋವು. ಈಗಷ್ಟೇ ಎದ್ದದ್ದು. ವಿಷಯ ಎಲ್ಲ ಗೊತ್ತಾಯ್ತಲ್ಲ, ಇನ್ನು ಪುಸ್ತಕ ಬೇಡ. ಬೇಜಾರು ಮಾಡ್ಬೇಡಿ.'

ಸೇಸಪ್ಪ ಗಾಡಿಯ ಅಡಿಯಿಂದ ಈಚೆ ಬರಲು ತುಸು ಹೊತ್ತು ಹಿಡಿಯುತ್ತದೆ. ಬಂದಾಗ ಕಣ್ಣು ಕೆಂಪಗಿರುತ್ತದೆ. ತುಕ್ಕಿನ ಪುಡಿ ಬಿತ್ತು ಎನ್ನುತ್ತಾರೆ. ಆಮೇಲೆ ಡಬ್ಬಿ ತೆರೆದು, ತಣ್ಣಗಾದ ಅನ್ನ ಸಾರನ್ನು ಒಂದು ಅಗುಳೂ ಬಿಡದೆ ಉಣ್ಣುತ್ತಾರೆ.

ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿರುವಾಗ ಸೆಬಾಸ್ಟಿಯನ್ ಅವರ ಫೋನ್. ಗೋದಾಮಿನ ಚಿಂತೆ ಅವರದ್ದು. ಎಷ್ಟು ಜನ ಕೇಳಿದರು, ಇನ್ನೂರು ಮುಟ್ಟುವ ಹಾಗೆ ಕಾಣುತ್ತದೆಯೇ ಎಂದು ವಿಚಾರಿಸುತ್ತಾರೆ.

"ಬೆಳಿಗ್ಗೆ ಹತ್ತಿತ್ತು. ಈಗ ಒಂಬತ್ತು" ಎನ್ನುತ್ತಾರೆ ಸೇಸಪ್ಪ. "ಒಬ್ಬರು ಬೇಡ ಅಂದ್ರು."

ಹೀಗಾದರೆ ಹೇಗೆ ಎಂದು ಆ ಕಡೆಯಿಂದ ನಿಟ್ಟುಸಿರು ಕೇಳಿಸುತ್ತದೆ. ಸೇಸಪ್ಪ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಳ್ಳುತ್ತಾರೆ.

"ಬೇಡ ಅಂತ ಹೇಳ್ಲಿಕ್ಕೆ ಆ ಮನುಷ್ಯ ಇದ್ದಾನಲ್ಲ ಮಾರಾಯ್ರೆ. ನಂಗೆ ಇವತ್ತಿಗೆ ಅಷ್ಟು ಸಾಕು."