ನ್ಯೂಜಿಲೆಂಡಿನ ವಗಿಮನ್

ಜಾವಾದ ಪರಾಕಾನ್ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ, ಊರವರೆಲ್ಲ ಗೌರವದಿಂದ ಇಬು, ಅಂದರೆ ಅಮ್ಮ ಎನ್ನುತ್ತಿದ್ದ ಮುರ್ತಿನಿಯವರಿಗೆ ಇಂಗ್ಲಿಷ್ ಮಾತಾಡುವ ದೇಶಗಳ ಬಗ್ಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದು ಬರೆದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಕ್ಯಾನ್‌ಬೆರಾ ಎಂಬ ಹೆಸರು ಅವನ ಮೊಮ್ಮಕ್ಕಳಿಗೂ ನೆನಪಿರುವ ಹಾಗೆ ಮಾಡುತ್ತಿದ್ದರು. ಲಂಡನ್ನಿನವರು ಚಹಾಕ್ಕೆ ಹಾಲು ಹಾಕುವುದು, ನ್ಯೂಜಿಲೆಂಡಿನಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವುದು, ಕೆನಡಾದ ಬಾವುಟದಲ್ಲಿ ಎಲೆಯಿರುವುದು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಆ ದೇಶಗಳವರನ್ನು ಕಂಡಾಗ ವಯಸ್ಸೆಷ್ಟು, ಮದುವೆಯಾಗಿದೆಯೇ, ಸಂಬಳವೆಷ್ಟು ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳಬಾರದು, ಕೇಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ ಎಂದು ಪ್ರತಿ ವರ್ಷವೂ ಎಚ್ಚರಿಸುತ್ತಿದ್ದರು. ಈ ಮೂರನ್ನು ಬಿಟ್ಟರೆ ಅಪರಿಚಿತರನ್ನು ಕೇಳಲು ಇನ್ನೇನು ಉಳಿಯುತ್ತದೆ ಎಂದು ಜಾವಾದ ಮಕ್ಕಳಿಗೆ ತಿಳಿಯುತ್ತಿರಲಿಲ್ಲ.

ವ್ಯಾಕರಣದ ವಿಷಯವನ್ನಂತೂ ಕೇಳುವುದೇ ಬೇಡ. ಅವರ ಕೆಂಪು ಶಾಯಿಗೆ ಸಿಕ್ಕದೆ ಪಾರಾದ ಉತ್ತರಪತ್ರಿಕೆ ಆ ಶಾಲೆಯ ಚರಿತ್ರೆಯಲ್ಲೇ ಇರಲಿಲ್ಲ. ಎಲ್ಲ ಸರಿಯಿದ್ದರೂ ಕೊನೆಗೊಂದು ಪೂರ್ಣವಿರಾಮ ಮಸುಕಾಗಿದೆ ಎಂದು ಅಂಕ ಕಳೆಯುತ್ತಿದ್ದರು. "ನಿಮಗೆ ಪಾಠ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಎನ್ನುವುದು ಅವರ ದಿನದ ಮಂತ್ರ.

ಇಷ್ಟೆಲ್ಲ ಬಲ್ಲ ಇಬು ಮುರ್ತಿನಿ ತಮ್ಮ ಜನ್ಮದಲ್ಲಿ ಇಂಗ್ಲಿಷ್ ದೇಶದ ಒಂದು ನರಪಿಳ್ಳೆಯ ಜೊತೆಗೂ ಮಾತಾಡಿರಲಿಲ್ಲ. ಕಾರಣ ಬೇರೇನಲ್ಲ, ಭಯ. ತರಬೇತಿ ಕಾಲೇಜಿನಲ್ಲಿದ್ದಾಗ ಇಂಗ್ಲೆಂಡಿನ ಹಿರಿಯರೊಬ್ಬರು ತರಗತಿಗೆ ಬಂದು ನಗುತ್ತ ಇವರನ್ನೇ ಏನೋ ಕೇಳಿದ್ದರು. ಹುಡುಗಿ ಮುರ್ತಿನಿ ಉತ್ತರವನ್ನು ಮನಸ್ಸಿನಲ್ಲೇ ಕಟ್ಟಿದಳು, ಕರ್ತೃ ಸರಿಯಿದೆಯೇ ನೋಡಿದಳು, ಕ್ರಿಯಾಪದದ ಕಾಲ ಸರಿಯಿದೆಯೇ ನೋಡಿದಳು. ಎಲ್ಲ ಸರಿಯಾಗಿ ಬಾಯಿ ತೆರೆಯುವ ಹೊತ್ತಿಗೆ ಆ ಹಿರಿಯರು ಹಿಂದಿನ ಬೆಂಚುಗಳನ್ನೆಲ್ಲ ಮುಗಿಸಿಕೊಂಡು ಊಟಕ್ಕೆ ಹೊರಟುಹೋಗಿದ್ದರು. ಗೆಳತಿಯರು ನಕ್ಕ ಆ ನಗು ಅವರ ಕಿವಿಯಿಂದ ಹೊರಬರಲೇ ಇಲ್ಲ.

ಒಮ್ಮೆ ದಾರಿ ತಪ್ಪಿದ ಪ್ರವಾಸಿಯೊಬ್ಬ ಪರಾಕಾನ್ ಸಂತೆಗೆ ಬಂದು ಕೈಬಾಯಿ ಆಡಿಸತೊಡಗಿದಾಗ ಜನ ಇಬು ಮುರ್ತಿನಿಯ ಮನೆಗೆ ಓಡಿದರು. ಇಬು ಬಚ್ಚಲಿಗೆ ಓಡಿದರು. ತೊಟ್ಟಿಯ ನೀರು ಮುಗಿಯಿತು, ಪಕ್ಕದ ಮನೆಯವರು ಬಾವಿಯಿಂದ ಸೇದಿ ಕೊಟ್ಟ ನೀರೂ ಮುಗಿಯಿತು, ಇಬುವಿನ ಸ್ನಾನ ಮಾತ್ರ ಮುಗಿಯಲಿಲ್ಲ. ಕೊನೆಗೆ ಈರುಳ್ಳಿ ಮಾರುವವಳು ಸನ್ನೆಯಲ್ಲೇ ಆ ಮನುಷ್ಯನಿಗೆ ಬಸ್ಸು ಹತ್ತಿಸಿದಳು. ಓದಿದವರಿಗೆ ಮಡಿ ಜಾಸ್ತಿ ಎಂದು ಊರಿನವರು ಸಮಾಧಾನ ಮಾಡಿಕೊಂಡರು.

ನಿಜವಾದ ಕಂಟಕವೆಂದರೆ ವರ್ಷಕ್ಕೊಮ್ಮೆಯ ಬೊರೊಬುದುರ್ ಪ್ರವಾಸ. ಆ ಸೀಮೆಯ ಶಾಲೆಗಳೆಲ್ಲ ಇಂಗ್ಲಿಷ್ ಕಲಿಯುವ ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಆ ಹಳೆಯ ಕಲ್ಲಿನ ಸ್ತೂಪಕ್ಕೆ ತಂದು ಸುರಿಯುತ್ತವೆ. ಶಿಲ್ಪ ನೋಡಲಿಕ್ಕಲ್ಲ, ಪರದೇಶಿಗಳನ್ನು ಹಿಡಿಯಲಿಕ್ಕೆ. ಹಿಡಿದು, ಹೆಸರು ಕೇಳಿ, ದೇಶ ಕೇಳಿ, ಇಷ್ಟವಾದ ಊಟ ಕೇಳಿ, ಸಹಿ ಹಾಕಿಸಿಕೊಂಡು, ವಾಪಸ್ ಬರುವಾಗ ಬಸ್ಸಿನ ಮೈಕಿನಲ್ಲಿ ಇಂಗ್ಲಿಷಿನಲ್ಲೇ ವರದಿ ಒಪ್ಪಿಸಬೇಕು. ಇಬು ಮುರ್ತಿನಿ ಮಕ್ಕಳನ್ನು ಮೆಟ್ಟಿಲಿನ ತನಕ ಅಟ್ಟಿ, ತಾವು ಬಸ್ಸಿನಲ್ಲೇ ಕೂತು ಬಾಳೆಲೆಯ ಅನ್ನದ ಪೊಟ್ಟಣಗಳನ್ನು ಕಾಯುತ್ತಿದ್ದರು. ಡ್ರೈವರನ ಹಸಿವನ್ನು ನಂಬುವ ಹಾಗಿಲ್ಲ ಎನ್ನುತ್ತಿದ್ದರು. ಪಾಪ, ಆ ಡ್ರೈವರ್ ಇವರಿಗಾಗಿ ಪ್ರತಿ ವರ್ಷ ಕೆಟ್ಟ ಹೆಸರು ಹೊತ್ತ.

ನಿವೃತ್ತಿಯ ವರ್ಷ ಬಂತು. ಬೀಸುವ ದೊಣ್ಣೆ ಇದೊಂದು ಸಲ ತಪ್ಪಿದರೆ ಗೆದ್ದೆ ಎಂದು ಇಬು ಅಂದುಕೊಂಡಿರುವಾಗಲೇ ಹೆಡ್‌ಮಾಸ್ಟರ್ ಊರಿಗೆಲ್ಲ ಪಾ, ಅಂದರೆ ಅಪ್ಪ ಎನಿಸಿಕೊಂಡ ದಾರ್ಸೊನೊ ಸೋಮವಾರದ ಧ್ವಜವಂದನೆಯಲ್ಲಿ ಘೋಷಿಸಿಬಿಟ್ಟರು. ಈ ಸಲ ಮೊದಲ ಸಂದರ್ಶನ ಇಬು ಮುರ್ತಿನಿಯವರದು. ಮಕ್ಕಳು ಸುತ್ತ ನಿಂತು ನೋಡಿ ಕಲಿಯುತ್ತಾರೆ. ಫೋಟೊ ತೆಗೆಸಿ ಆಫೀಸಿನ ಗೋಡೆಗೆ ಹಾಕುತ್ತೇವೆ. ಪಾ ದಾರ್ಸೊನೊ ಪೌರನೀತಿ ಕಲಿಸುವವರು, ಇಂಗ್ಲಿಷ್ ಅವರಿಗೆ ಎಂಟಾಣೆಯಷ್ಟೂ ಬಾರದು, ಆದ್ದರಿಂದ ಅದರ ಮೇಲೆ ಗೌರವ ಬಹಳ. ಅನ್ನದ ಪೊಟ್ಟಣ ಯಾರು ಕಾಯುತ್ತಾರೆ ಎಂದು ಇಬು ಕ್ಷೀಣವಾಗಿ ಕೇಳಿದರು. ತಾವೇ ಬೀಗ ತಂದಿರುವುದಾಗಿ ಅವರು ಹೇಳಿದರು.

ಮಕ್ಕಳ ಮುಂದೆ ಬಾಯಿ ಕಟ್ಟಿ ನಿಂತರೆ ಇಡೀ ಜೀವಮಾನದ ಮರ್ಯಾದೆ ಆ ಕಲ್ಲಿನ ಮೆಟ್ಟಿಲಿನ ಮೇಲೆ ಹರಾಜು. ಅವರು ಕೆಂಪು ಶಾಯಿ ಸುರಿದ ಒಬ್ಬೊಬ್ಬರೂ ಸಂತೆಯಲ್ಲಿ ಅದನ್ನೇ ಆಡಿಕೊಂಡು ನಗುತ್ತಾರೆ. ಆ ಭಾನುವಾರ ಅವರು ಬಸ್ಸು ಹತ್ತಿ ಬೆಟ್ಟದಾಚೆಯ ವೊನೊಸೊಬೊಗೆ ಹೋದರು.

ಅಲ್ಲಿ ಅವರ ಗಂಡನ ಚಿಕ್ಕಪ್ಪನ ಮಗ ವಗಿಮನ್ ಇದ್ದ. ಮರಗೆಣಸು ಬೇಯಿಸಿ ಬೆಲ್ಲ ಹಾಕಿ ಕುಟ್ಟಿದ ಗೆತುಕ್ ಮಾರುವವನು. ಅವನ ತಾಯಿಯ ತಂದೆ ತಂಬಾಕು ಗೋದಾಮಿನ ಡಚ್ಚ ಗುಮಾಸ್ತನಾಗಿದ್ದು, ಮೊಮ್ಮಗನಿಗೆ ಜೋಳದ ಕೂದಲಿನ ಬಣ್ಣದ ತಲೆಗೂದಲು, ಬೆಕ್ಕಿನ ಕಣ್ಣು, ಬಾಗಿಲಿಗೆ ತಾಗುವ ಎತ್ತರ ಮತ್ತು ಒಂದು ಭಾರಿ ಮೂಗು ಬಿಟ್ಟು ಕಣ್ಮರೆಯಾಗಿದ್ದ. ಭಾಷೆ ಮಾತ್ರ ಬಿಟ್ಟುಹೋಗಿರಲಿಲ್ಲ.

"ಅತ್ತಿಗೆ, ನಂಗೆ ಬರೋದು ನಮ್ಮ ಮಾತೊಂದೇ. ಅದೂ ಸಂತೆ ಮಾತು" ಎಂದ ವಗಿಮನ್, ಕುಟ್ಟುವುದನ್ನು ನಿಲ್ಲಿಸಿ.

"ನಿನಗೆ ಬರೋದು ಯಾರಿಗೆ ಬೇಕಪ್ಪಾ? ಮೂಗು ನಿಂದಿರಲಿ, ಮಾತು ನಾನು ಕೊಡ್ತೀನಿ."

"ಸಿಕ್ಕಿಬಿದ್ರೆ?"

"ನೀನು ಬಾಯಿ ಮುಚ್ಕೊಂಡು ನಾನು ಹೇಳಿದ್ದಷ್ಟೇ ಹೇಳಿದ್ರೆ ಯಾರು ಹಿಡೀತಾರೆ?"

ಬಾಯಿ ಮುಚ್ಚಿಕೊಂಡು ಹೇಳುವುದು ಹೇಗೆ ಎಂದು ವಗಿಮನ್ ಕೇಳಲಿಲ್ಲ. ಗಂಡ ಸತ್ತ ಮೇಲೂ ಪ್ರತಿ ಹಬ್ಬಕ್ಕೆ ತನ್ನ ಮಕ್ಕಳಿಗೆ ಬಟ್ಟೆ ಹೊಲಿಸಿ ಕಳಿಸುವ ಅತ್ತಿಗೆ ಅವರು. ಅವನದು ಒಂದೇ ಕರಾರು, ಚಡ್ಡಿ ಮಾತ್ರ ಹಾಕುವುದಿಲ್ಲ. ಪರದೇಶಿಗಳೆಲ್ಲ ಹಾಕುವುದು ಅದನ್ನೇ ಎಂದು ಇಬು ಪಟ್ಟು ಹಿಡಿದರು. ನಾಲ್ಕು ಮಕ್ಕಳ ತಂದೆ ಮೊಣಕಾಲು ತೋರಿಸಿಕೊಂಡು ಹೆಂಗಸರ ಮುಂದೆ ಓಡಾಡುವುದೇ ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ. ಕೊನೆಗೆ ಹಾಕಿದ.

ಪ್ರವಾಸದ ದಿನ ಜಿಟಿಜಿಟಿ ಮಳೆ. ಮಳೆಗಾಲದಲ್ಲಿ ಬಸ್ಸಿನ ಬಾಡಿಗೆ ಕಡಿಮೆಯೆಂದು ಪಾ ದಾರ್ಸೊನೊ ಹುಡುಕಿ ಗೊತ್ತು ಮಾಡಿದ ದಿನ ಅದು. ಎರಡನೆಯ ಅಂತಸ್ತಿನ ಮೆಟ್ಟಿಲ ಮೇಲೆ, ಹುಲ್ಲಿನ ಟೋಪಿ ಹಾಕಿಕೊಂಡು, ರೀಲಿಲ್ಲದ ಕ್ಯಾಮರಾ ಕುತ್ತಿಗೆಗೆ ನೇತುಹಾಕಿಕೊಂಡು, ಚಡ್ಡಿಯನ್ನು ಮೊಣಕಾಲಿನತ್ತ ಜಗ್ಗುತ್ತ ಪರದೇಶಿಯೊಬ್ಬ ಆಕಸ್ಮಿಕವಾಗಿ ಕೂತಿದ್ದ. ಇಬು ಮುರ್ತಿನಿ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, ನಿಧಾನವಾಗಿ, ರಾಣಿಯ ಹಾಗೆ ಮೇಲೇರಿದರು. ಪ್ರಶ್ನೆಗಳು ಬಂದವು, ಇಬು ಬಾಯಿಪಾಠ ಮಾಡಿಸಿದ ಸಾಲಿನಲ್ಲೇ ಇಂಗ್ಲಿಷ್ ಉತ್ತರಗಳು ಬಂದವು. "ನನ್ನ ಹೆಸರು ವಿಲಿಯಂ. ನಾನು ನ್ಯೂಜಿಲೆಂಡಿನವನು. ನಾನು ಕುರಿ ಸಾಕುತ್ತೇನೆ. ನನಗೆ ನಾಸಿ ಗೊರೆಂಗ್ ಊಟ ಇಷ್ಟ. ನಿಮ್ಮ ದೇಶ ಸುಂದರವಾಗಿದೆ." ಪಾ ದಾರ್ಸೊನೊ ಮೂಗಿನ ಮೇಲೆ ಬೆರಳಿಟ್ಟರು. ಫೋಟೊ ತೆಗೆದದ್ದಾಯಿತು, ಮಕ್ಕಳು ಚಪ್ಪಾಳೆ ತಟ್ಟಿದ್ದಾಯಿತು. ಇಬು ಕಣ್ಣಲ್ಲೇ ಮೈದುನನಿಗೆ ಇನ್ನು ಹೊರಡು ಎಂದರು.

ಹೊರಡುವುದು ಎಲ್ಲಿಗೆ? ಮಳೆಗೆ ಹೆದರಿ ಪ್ರವಾಸಿಗಳೇ ಬಂದಿರಲಿಲ್ಲ. ಬೇರೆ ಬೇರೆ ಶಾಲೆಗಳ ಮಕ್ಕಳು ಸಿಕ್ಕ ಒಬ್ಬನೇ ಪರದೇಶಿಯ ಮೇಲೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ವಗಿಮನ್‌ಗೆ ಉತ್ತರಗಳು ಬರುತ್ತಿದ್ದುದು ಸಾಲಾಗಿ ಮಾತ್ರ. ಇವರು ಕೇಳುತ್ತಿದ್ದುದು ತಮಗೆ ತೋಚಿದ ಹಾಗೆ. ಇಷ್ಟದ ಊಟ ಯಾವುದು ಎಂದರೆ ಅವನು ವಿಲಿಯಂ ಎಂದ, ನಮ್ಮ ದೇಶ ಹೇಗಿದೆ ಎಂದರೆ ಕುರಿ ಸಾಕುತ್ತೇನೆ ಎಂದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಸಾಲು ಮುಗಿದರೆ ಮತ್ತೆ ಮೊದಲಿನಿಂದ ಶುರು. ಮಕ್ಕಳು ಅಷ್ಟನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಜನ್ಮದಲ್ಲಿ ಮೊದಲ ಸಲ ತನ್ನ ಮೂಗಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದರಿಂದ ವಗಿಮನ್‌ಗೂ ಎದ್ದುಹೋಗಲು ಮನಸ್ಸಿರಲಿಲ್ಲ.

ಕಡೆಗೂ ಎದ್ದ. ಇಳಿಯುವ ದಾರಿಯ ಕಟ್ಟೆಯ ಮೇಲೆ ಹಳ್ಳಿಯ ಅಜ್ಜಿಯೊಬ್ಬಳು ಕೂತು ಎಲೆಯಡಿಕೆ ಅಗಿಯುತ್ತಿದ್ದಳು. ವಗಿಮನ್ ಅವಳ ಮುಂದೆ ಬಂದವನೇ ಸೊಂಟ ಬಗ್ಗಿಸಿ, ಬಲಗೈಯನ್ನು ನೆಲದತ್ತ ಚಾಚಿ, ಬಾಯೊಳಗೇ ಅಪ್ಪಣೆ ಕೇಳಿ, ಮೆಲ್ಲಗೆ ದಾಟಿದ. ಕೂತ ಹಿರಿಯರ ಮುಂದೆ ನೆಟ್ಟಗೆ ನಡೆಯುವುದು ಅವನ ಜಾವಾದ ಮೈಗೇ ಗೊತ್ತಿರಲಿಲ್ಲ. ಚಡ್ಡಿ ಹಾಕಿಸಬಹುದು, ಬೆನ್ನಿಗೆ ಯಾರು ಪಾಠ ಹೇಳುತ್ತಾರೆ? ಇದನ್ನು ಕಂಡವಳು ಕಿನಾಂತಿ. ಇಬುವಿನ ತರಗತಿಯಲ್ಲಿ ಅತಿ ಹೆಚ್ಚು ಅಂಕ ತೆಗೆಯುತ್ತಿದ್ದವಳು, ಅಂದರೆ ಅತಿ ಕಡಿಮೆ ಕೆಂಪು ಶಾಯಿ ಕಂಡವಳು. ಅವಳು ತನ್ನ ತಂಡಕ್ಕೆ ಸನ್ನೆ ಮಾಡಿ ಆ ಪರದೇಶಿಯ ಹಿಂದೆಯೇ ಹೊರಟಳು.

ಅಷ್ಟರಲ್ಲಿ ಕೆಳಗಿನಿಂದ ಬೇರೆ ಶಾಲೆಯ ಮಕ್ಕಳು ಮಳೆಯಂಗಿ ತೊಟ್ಟು ಆಗಷ್ಟೇ ಬಂದ ಹಿರಿಯ ಹೆಂಗಸೊಬ್ಬರನ್ನು ಕೈಹಿಡಿದು ಕರೆತಂದರು. ನಿಮ್ಮ ಊರಿನವರೇ ಇಲ್ಲಿದ್ದಾರೆ ಎಂದು ಸಂಭ್ರಮದಿಂದ ತೋರಿಸಿದರು. ಆಕೆ ಡೋರೀನ್, ಅಪ್ಪಟ ನ್ಯೂಜಿಲೆಂಡಿನವರು. ಮುಖ ಅರಳಿಸಿಕೊಂಡು ವಗಿಮನ್‌ನ ಕೈ ಕುಲುಕಿ, ನಿಮ್ಮದು ಯಾವ ಊರು, ಎಷ್ಟು ಕುರಿ, ಯಾವಾಗ ಬಂದಿರಿ ಎಂದು ಸರಸರನೆ ಕೇಳಿದರು. ವಗಿಮನ್ ಇಂಗು ತಿಂದ ಮಂಗನ ಹಾಗೆ ನಿಂತ. ಹೆಸರು ಹೇಳಿದ, ಊಟ ಹೇಳಿದ, ದೇಶ ಸುಂದರವಾಗಿದೆ ಎಂದ. ಡೋರೀನ್ ಹುಬ್ಬು ಗಂಟಿಕ್ಕಿದರು. ಪಾ ದಾರ್ಸೊನೊ ನಗುತ್ತ ಹತ್ತಿರ ಬಂದರು. ವಗಿಮನ್‌ನ ಕಣ್ಣು ಇಬುವನ್ನು ಹುಡುಕಿತು. ಇನ್ನೊಂದು ಗಳಿಗೆ ಕಳೆದಿದ್ದರೆ ಅತ್ತಿಗೆ ಎಂದು ಕೂಗಿಬಿಡುತ್ತಿದ್ದ.

ಇಬು ಮುರ್ತಿನಿಯ ಕಾಲು ಶೌಚಾಲಯದ ಕಡೆಗೆ ತಿರುಗಿಯಾಗಿತ್ತು. ಆದರೆ ತಮ್ಮ ಮಾತಿಗೆ ಕಟ್ಟುಬಿದ್ದು ಮಳೆಯಲ್ಲಿ ಮೊಣಕಾಲು ಬಿಟ್ಟುಕೊಂಡು ನಿಂತ ಆ ದೊಡ್ಡ ದೇಹದ ಮಗುವನ್ನು ಕಂಡು ಅವರ ಕರುಳು ಚುರುಕ್ಕೆಂದಿತು. ನೇರ ಹೋಗಿ ಡೋರೀನ್ ಅವರ ತೋಳು ಹಿಡಿದು ಒಂದು ಕಲ್ಲಿನ ಮರೆಗೆ ಕರೆದೊಯ್ದರು, ಬಾಯಿ ತೆರೆದರು. ವಾಕ್ಯ ಕಟ್ಟಿ ಪರೀಕ್ಷೆ ಮಾಡಿ ನೋಡಲು ಪುರುಸೊತ್ತಿರಲಿಲ್ಲ. ಮೊದಲ ವಾಕ್ಯದಲ್ಲೇ ಕ್ರಿಯಾಪದದ ಕಾಲ ತಪ್ಪಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಎರಡನೆಯದು ಬಂತು, ಮೂರನೆಯದು ಬಂತು, ಆಮೇಲೆ ಕಟ್ಟೆಯೊಡೆದ ಹಾಗೆ ಎಲ್ಲವೂ. ಇವನು ನನ್ನ ಮೈದುನ, ಗೆತುಕ್ ಮಾರುತ್ತಾನೆ, ಕುರಿಯನ್ನು ಕಂಡದ್ದು ಹಬ್ಬದ ದಿನ ಮಾತ್ರ. ನಾನು ಇಂಗ್ಲಿಷ್ ಅಧ್ಯಾಪಕಿ, ನಿಮ್ಮಂಥವರನ್ನು ಕಂಡರೆ ಬಚ್ಚಲಿಗೆ ಓಡುತ್ತೇನೆ. ಇಷ್ಟು ವರ್ಷ ಅನ್ನದ ಪೊಟ್ಟಣ ಕಾದಿದ್ದೇನೆ. ದಯವಿಟ್ಟು ಆ ಹೆಡ್‌ಮಾಸ್ಟರ್ ಮುಂದೆ ಇವನನ್ನು ನಿಮ್ಮೂರಿನವನೆಂದು ಒಪ್ಪಿಕೊಳ್ಳಿ.

ಡೋರೀನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇಬುವಿನ ಕೈ ಹಿಡಿದುಕೊಂಡು ನಿಮ್ಮ ವಯಸ್ಸೆಷ್ಟು ಎಂದರು, ಗಂಡ ಇದ್ದಾರೆಯೇ ಎಂದರು, ನಿವೃತ್ತಿಯಾದ ಮೇಲೆ ಸರ್ಕಾರ ಎಷ್ಟು ಕೊಡುತ್ತದೆ ಎಂದೂ ಕೇಳಿದರು. ಕೇಳಬಾರದ ಮೂರನ್ನೂ ಕೇಳಿದ ಆ ಹೆಂಗಸಿನ ಮೇಲೆ ಇಬುವಿಗೆ ಅಕ್ಕತಂಗಿಯರ ಮೇಲೆ ಹುಟ್ಟುವಂಥ ಪ್ರೀತಿ ಹುಟ್ಟಿತು. ಮೂರಕ್ಕೂ ಉತ್ತರ ಕೊಟ್ಟರು. ಡೋರೀನ್ ಹೊರಬಂದು ವಗಿಮನ್‌ನ ಬೆನ್ನು ತಟ್ಟಿ, ಪಾ ದಾರ್ಸೊನೊ ಅವರ ಎದುರು ಅವನನ್ನು ದೇಶಬಾಂಧವನೆಂದು ಅಪ್ಪಿಕೊಂಡರು. ಪರಸ್ತ್ರೀಯ ಅಪ್ಪುಗೆಗೆ ವಗಿಮನ್ ಕಲ್ಲಾದ.

ಆ ಕಲ್ಲಿನ ಮರೆಯ ಇನ್ನೊಂದು ಬದಿಯಲ್ಲಿ ಕಿನಾಂತಿಯ ತಂಡ ಮಳೆಗೆ ನಿಂತಿತ್ತು. ಇಬು ಅದನ್ನು ಕಂಡದ್ದು ಹೊರಡುವಾಗ. ಆದರೂ ಧೈರ್ಯ ತಂದುಕೊಂಡರು. ಅಷ್ಟು ವೇಗದ ಇಂಗ್ಲಿಷ್ ಈ ಕೋಣಗಳಿಗೆ ಎಲ್ಲಿ ಅರ್ಥವಾಗಬೇಕು?

ಬಸ್ಸು ಹೊರಟಿತು, ಮೈಕು ಬಂತು. ಒಂದೊಂದೇ ತಂಡ ಎದ್ದು ಅದೇ ವಿಲಿಯಂ, ಅದೇ ಕುರಿ ಎಂದು ಒಪ್ಪಿಸಿತು. ಕೊನೆಗೆ ಕಿನಾಂತಿ ಎದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಾವು ಭೇಟಿಯಾದವರ ಹೆಸರು ಶ್ರೀ ವಿಲಿಯಂ" ಎಂದಳು ಇಂಗ್ಲಿಷಿನಲ್ಲಿ. "ಅವರು ಗೆತುಕ್ ಮಾರುತ್ತಾರೆ. ನ್ಯೂಜಿಲೆಂಡಿನವರು ಹಿರಿಯರ ಮುಂದೆ ಬಗ್ಗಿ ನಡೆಯುತ್ತಾರೆಂದು ನಾವು ಅವರಿಂದ ಕಲಿತೆವು. ಅವರ ಅತ್ತಿಗೆ ಒಬ್ಬ ಅಧ್ಯಾಪಕಿ. ಆಕೆಗೆ ಬೆಳಗ್ಗೆಯವರೆಗೆ ಪರದೇಶಿಗಳೆಂದರೆ ಭಯವಿತ್ತು. ಮಧ್ಯಾಹ್ನದಿಂದ ಇಲ್ಲ. ಇದನ್ನು ನಾವು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಇಂಗ್ಲಿಷಿನಲ್ಲಿ ಮಾತ್ರ ಹೇಳುತ್ತೇವೆ."

ತುಟಿ ಕಚ್ಚಿಕೊಂಡ ಒಂದೊಂದು ಮುಖವನ್ನೂ ಇಬು ನೋಡಿದರು. ಎಲ್ಲರಿಗೂ ಅರ್ಥವಾಗಿತ್ತು, ಹಿಂದಿನ ಬೆಂಚಿನ ದಡ್ಡನಿಗೂ. ಅವರು ಕೆಂಪು ಶಾಯಿಯ ಹಳೆಯ ಚಾಳಿಯಂತೆ ಕಿನಾಂತಿಯ ಮಾತುಗಳನ್ನು ಮತ್ತೆ ಮೊದಲಿನಿಂದ ಮನಸ್ಸಿನಲ್ಲಿ ಓಡಿಸಿದರು, ಎಲ್ಲಾದರೂ ಹಿಡಿಯಲು ಒಂದು ತಪ್ಪು ಸಿಗುತ್ತದೆಯೇ ಎಂದು. ಅವರ ಕಣ್ಣು ಮಂಜಾಯಿತು.

ಚಪ್ಪಾಳೆ ತಟ್ಟುತ್ತ ಪಾ ದಾರ್ಸೊನೊ ಇವರತ್ತ ಬಾಗಿದರು. "ಏನು ಹೇಳಿದ್ಲು, ಇಬು?"

"ಒಂದು ತಪ್ಪೂ ಇಲ್ದೆ ಹೇಳಿದ್ಲು, ಪಾ."

"ಅದು ಸರಿ, ಹೇಳಿದ್ದೇನು?"

"ನೂರಕ್ಕೆ ನೂರು" ಎಂದರು ಇಬು ಮುರ್ತಿನಿ, ಕಿಟಕಿಯ ಕಡೆ ಮುಖ ಮಾಡಿಕೊಂಡು.