ಕಾಲುವೆಯಲ್ಲಿ ಮೀಯುವ ಕಾರಿಗೊಂದು ಸೆಲ್ಫ್ ಮೋಟಾರು

ನಮ್ಮ ಮನೆಯ ಗೇಟಿನಿಂದ ಬೀದಿಯ ತುದಿಯ ಬೇವಿನ ಮರಕ್ಕೆ ಹತ್ತೊಂಬತ್ತು ಹೆಜ್ಜೆ. ಕಾರು ತಳ್ಳಿಕೊಂಡು ಹೋದರೆ ಇಪ್ಪತ್ತಾರು, ಏಕೆಂದರೆ ತಳ್ಳುವಾಗ ಹೆಜ್ಜೆ ಗಿಡ್ಡವಾಗುತ್ತದೆ. ಇದು ನನ್ನ ಅಂದಾಜಲ್ಲ. ಅವ್ವನೂ ನಾನೂ ಕಾರಿನ ಬೆನ್ನಿಗೆ ಅಂಗೈ ಕೊಟ್ಟು ತಳ್ಳುವಾಗ ಬೀದಿಯ ಮಕ್ಕಳು ಗಟ್ಟಿಯಾಗಿ ಎಣಿಸುತ್ತಿದ್ದರು. ಅವ್ವ ಅಂಗನವಾಡಿ ಟೀಚರ್. ಎಣಿಸುವುದನ್ನು ಕಲಿಸಿದವಳೂ ಅವಳೇ. ಇಪ್ಪತ್ತರವರೆಗೆ ಮಾತ್ರ ಕಲಿಸಿದ್ದಳಾದ್ದರಿಂದ ಅಲ್ಲಿಗೆ ಮುಟ್ಟಿದ ಮೇಲೆ ಅವರು ಮತ್ತೆ ಒಂದಕ್ಕೆ ಬರುತ್ತಿದ್ದರು. ಎರಡನೇ ಸಲದ ಆರಕ್ಕೆ ಅಪ್ಪ ಕ್ಲಚ್ ಬಿಡುತ್ತಿದ್ದ, ಕಾರು ಕೆಮ್ಮಿ ಎದ್ದು ಹೊರಡುತ್ತಿತ್ತು, ಹೊಗೆಯಲ್ಲಿ ನಿಂತ ನಮಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಕಾರು ಬಿಳಿಯ ಹಳೇ ಅಂಬಾಸಿಡರ್. ಅಪ್ಪ ಗಂಗಾವತಿಯ ಒಂದು ಸರ್ಕಾರಿ ಕಚೇರಿಯಲ್ಲಿ ಡ್ರೈವರ್ ಆಗಿದ್ದ. ಅದೇ ಕಾರನ್ನು ಇಪ್ಪತ್ತೆರಡು ವರ್ಷ ಓಡಿಸಿ, ಅದನ್ನು ಹರಾಜಿಗಿಟ್ಟ ದಿನ ತಾನೇ ಹೋಗಿ ಕೂಗಿ ಮನೆಗೆ ತಂದ. ಸಾಹೇಬರು ಕೂರುತ್ತಿದ್ದ ಹಿಂದಿನ ಎಡಗಡೆ ಸೀಟು ಅವ್ವನದಾಯಿತು. ಆ ಸೀಟಿನಲ್ಲಿ ಕೂತ ಯಾವ ಸಾಹೇಬರೂ ಒಂದು ದಿನವೂ ಇಳಿದು ತಳ್ಳಿರಲಿಲ್ಲ ಎಂಬುದೇ ಅವಳ ತಕರಾರು.

ತೊಂದರೆ ಇದ್ದದ್ದು ಒಂದೇ ಕಡೆ. ಕೀ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಮೋಟಾರು, ನಮ್ಮ ಕಡೆಯ ಗ್ಯಾರೇಜಿನವರು ಸೆಲ್ಫ್ ಎನ್ನುವುದು, ಆಗಾಗ ಮುನಿಸಿಕೊಳ್ಳುತ್ತಿತ್ತು. ಬೀದಿಯೊಳಗೆ ಮುನಿಸಿಕೊಂಡರೆ ಅವ್ವ ಹೇಗೋ ಸಹಿಸುತ್ತಿದ್ದಳು. ಈ ಸಲ ಅದು ಬೆಟ್ಟದ ಬುಡದ ಹನುಮನಹಳ್ಳಿಯಲ್ಲಿ ಮುನಿಸಿಕೊಂಡಿತು. ಬೆಟ್ಟ ಇಳಿದು ಬಂದ ಪ್ರವಾಸಿಗರು ನಮ್ಮನ್ನು ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಆ ವಿಡಿಯೊ ತಾಲ್ಲೂಕಿನ ಅಂಗನವಾಡಿ ಟೀಚರುಗಳ ಗುಂಪಿಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ತಳ್ಳುತ್ತಿದ್ದ ಅವ್ವನಿಗೆ ಮೂವತ್ತೊಂದು ಹೆಬ್ಬೆರಳು ಬಂದವು.

ಅವ್ವ ಫೋನು ಕೆಳಗಿಟ್ಟು ನಿಧಾನವಾಗಿ ಹೇಳಿದಳು. "ಇನ್ನೊಮ್ಮೆ ತಳ್ಳೂ ಪಾಳಿ ಬಂತಂದ್ರ ಬೇವಿನ ಗಿಡದತ್ರ ನಿಲ್ಲಂಗಿಲ್ಲ ನಾ. ಸೀದಾ ಗುಜರಿ ಅಂಗಡಿತನಾ ತಳ್ಳಿಬಿಡ್ತೀನಿ."

ಅವಳು ಹೇಳಿದ್ದನ್ನು ಮಾಡುತ್ತಾಳೆ. ಅಪ್ಪ ಅಂದು ಎರಡೇ ರೊಟ್ಟಿ ತಿಂದ. ಅವನಿಗೆ ಹೊಲ ಗೊತ್ತಿಲ್ಲ, ಇಸ್ಪೀಟು ಗೊತ್ತಿಲ್ಲ, ಕಟ್ಟೆಯ ಮೇಲೆ ಕೂತು ಹರಟುವುದೂ ಬಾರದು. ಕಾರು ಹೋದರೆ ಬೆಳಗಾದ ಮೇಲೆ ಏನು ಮಾಡಬೇಕೆಂಬುದೇ ಅವನಿಗೆ ತಿಳಿಯುವುದಿಲ್ಲ.

ಒಳ್ಳೆಯ ಸೆಲ್ಫ್ ಆರಿಸುವ ಕೆಲಸ ನನಗೆ ಬಂತು. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದೇನೆ. ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಆ ಪದವಿಯ ನೆನಪಾಗುತ್ತದೆ. ನನ್ನ ಡೈರಿಯಲ್ಲಿ ಕಾರು ನಿಂತ ದಿನಗಳ ಗುರುತಿತ್ತು. ಐದರಲ್ಲಿ ನಾಲ್ಕು ಅಮಾವಾಸ್ಯೆಯ ಮರುದಿನ ಬಿದ್ದಿದ್ದವು. ಅವ್ವನಿಗೆ ತೋರಿಸಿದ್ದರೆ ನಿಂಬೆಹಣ್ಣು ತರುತ್ತಿದ್ದಳು. ನನಗೆ ಕಾರಣ ಗೊತ್ತಿತ್ತು. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಅಪ್ಪ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಕಾರನ್ನು ಟ್ರಾಕ್ಟರ್ ಇಳಿಸುವ ಇಳಿಜಾರಿನಲ್ಲಿ ಬಂಪರ್ ಮುಳುಗುವಷ್ಟು ನೀರಿಗಿಳಿಸಿ ಮೈ ತೊಳೆಯುತ್ತಿದ್ದ. ಸೆಲ್ಫ್ ಇರುವುದು ಎಂಜಿನ್ನಿನ ತಳದಲ್ಲಿ. ಬಕೆಟಿನ ನೀರು ಸಾಕಲ್ಲವೇ ಎಂದು ಅವನನ್ನು ಕೇಳಿದೆ.

"ಎಮ್ಮಿ ಮೈ ತೊಳಿತಾರ, ಟ್ರಾಕ್ಟರ್ ತೊಳಿತಾರ. ಇದೇನ್ ಪಾಪ ಮಾಡೈತಿ, ಮಗಳಾ?" ಎಂದ.

ಅಪ್ಪನನ್ನು ಬದಲಾಯಿಸುವುದಕ್ಕಿಂತ ನೀರಿಗೆ ಹೆದರದ ಮೋಟಾರು ಹುಡುಕುವುದು ಸುಲಭವೆಂದು ನನಗೆ ಕಂಡಿತು.

ಹಳೆಯ ಸೆಲ್ಫನ್ನು ಬಿಚ್ಚಿ ಸಿಮೆಂಟ್ ಚೀಲದಲ್ಲಿ ಹಾಕಿಕೊಂಡು ಇಬ್ಬರೂ ಬಸ್ ಹತ್ತಿದೆವು. ಅಪ್ಪ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಕಂಡಕ್ಟರ್ ಕುಂಬಳಕಾಯಿಯೇನೆಂದು ಕೇಳಿದ್ದಕ್ಕೆ ಚೀಲದ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಕೊಪ್ಪಳದ ಅಂಗಡಿಯವನು ಹೊಳೆಯುವ ಒಂದು ಸಣ್ಣ ಮೋಟಾರನ್ನು ಡಬ್ಬಿಯಿಂದ ತೆಗೆದ. ಒಳಗೆ ಹಲ್ಲುಗಾಲಿ ಇದೆಯಂತೆ, ಕರೆಂಟು ಕಡಿಮೆ ಎಳೆಯುತ್ತದಂತೆ, ಸುತ್ತ ಎಲ್ಲೂ ಸಂದಿಲ್ಲವಂತೆ. ಕೆರೆಯಲ್ಲಿ ಮುಳುಗಿಸಿದರೂ ಏನೂ ಆಗುವುದಿಲ್ಲ ಎಂದು ಎರಡು ಸಲ ಹೇಳಿದ. ನಾನು ಹೆಚ್ಚು ಮಾತಾಡುವವಳಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ.

"ಹಾಕ್ಲೇನ್ರಿ?"

ಅವನು ಮೋಟಾರನ್ನು ಎತ್ತಿ ಎದೆಗವಚಿಕೊಂಡ. ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು. ಹನುಮನಹಳ್ಳಿಯ ನಂತರ ಅವನು ನಕ್ಕದ್ದು ಅದೇ ಮೊದಲು. ಹಾಗಾಗಿ ಕುಷ್ಟಗಿಯ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಅಗತ್ಯ ಅಷ್ಟಾಗಿ ಇಲ್ಲದಿದ್ದರೂ ಬಾಟಲಿ ತೆಗೆದೆ. ಅಲ್ಲಿಯವನು ನೀರು ಬಿದ್ದರೆ ಗ್ಯಾರಂಟಿ ಹೋಗುತ್ತದೆ ಎಂದ. ನೀರಿಗೆ ಜಗ್ಗದ ಮೋಟಾರಿನ ಗ್ಯಾರಂಟಿಯೇ ನೀರಿಗೆ ಹೆದರುತ್ತಿತ್ತು.

ಮರಳಿ ಗಂಗಾವತಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ಅಕ್ಕಿ ಗಿರಣಿಗಳ ಉಗಿ ಕಂಡಿತು. ಭತ್ತ ನೆನೆಸುವ, ಬೇಯಿಸುವ ಆ ಗಿರಣಿಗಳಲ್ಲಿ ಗೋಡೆಯೂ ಬೆವರುತ್ತದೆ. ಅಲ್ಲಿಯ ಮೋಟಾರುಗಳು ಹೇಗೆ ಬದುಕುತ್ತವೆ ಎಂದು ಅಪ್ಪನನ್ನು ಕೇಳಿದೆ. ಗಿರಣಿ ಮೋಟಾರುಗಳಿಗೆ ತಂತಿ ಸುತ್ತುವ ಚಾಚಾ ಒಬ್ಬರಿದ್ದಾರೆ ಎಂದ. ಆದರೆ ಅಲ್ಲಿಗೆ ಹೋಗಲು ಅವನಿಗೆ ಮನಸ್ಸಿದ್ದಂತೆ ಕಾಣಲಿಲ್ಲ. ನಾಳೆ ನೋಡೋಣ ಎಂದ, ಕಾಲು ನೋಯುತ್ತದೆ ಎಂದ. ನಾನು ಚೀಲ ಎತ್ತಿಕೊಂಡು ಮುಂದೆ ನಡೆದೆ.

ಚಾಚಾ ನಮ್ಮ ಸೆಲ್ಫನ್ನು ಹಲಗೆಯ ಮೇಲೆ ಬಿಚ್ಚಿದರು. ಮೊದಲು ಕೆಂಪು ನೀರು ಬಂತು, ಆಮೇಲೆ ಕಾಲುವೆಯ ಮೆತ್ತನೆ ಮಣ್ಣು. ಕೊನೆಗೆ ಒಂದು ಭತ್ತದ ಕಾಳು ಉರುಳಿತು. ಅದು ಮೊಳಕೆ ಒಡೆದಿತ್ತು. ಚಾಚಾ ಅದನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತೋರಿಸಿ, ಇನ್ನೆರಡು ವಾರ ಬಿಟ್ಟಿದ್ದರೆ ನಾಟಿ ಮಾಡಬಹುದಿತ್ತು ಎಂದರು. ಆಮೇಲೆ ಮೋಟಾರಿನ ಹೊಟ್ಟೆಯನ್ನು ಸವರುತ್ತ ಒಂದು ಕಡೆ ಬೆರಳು ನಿಲ್ಲಿಸಿದರು. ಅಲ್ಲಿ ಬೂದು ಬಣ್ಣದ ಗಟ್ಟಿ ಅಂಟು ಮೆತ್ತಿತ್ತು, ಸೋರುವ ಪೈಪಿಗೆ ಎರಡು ಮುದ್ದೆ ಕಲಸಿ ಹಚ್ಚುತ್ತಾರಲ್ಲ, ಅದು.

"ನೀರು ಒಳಗ ಬರದಂಗ ಮಾಡಾಕ ಯಾರ ಕೈಲೂ ಆಗಂಗಿಲ್ಲ, ಬೇಟಿ. ಬಂದ ನೀರು ಹೊರಗ ಹೋಗಾಕ ದಾರಿ ಬಿಡಬೇಕು. ಅದಕ್ಕ ತಳಕ್ಕೊಂದು ತೂತು ಕೊಟ್ಟಿರ್ತಾರ. ಈ ತೂತು ಯಾರು ಮುಚ್ಯಾರ?"

ಅಪ್ಪ ಗಿರಣಿಯ ಚಿಮಣಿಯನ್ನು ನೋಡುತ್ತಿದ್ದ. ಹಳೇ ಮೆಕ್ಯಾನಿಕ್ ಇರಬೇಕು ಎಂದ.

"ಭಾಳ ಪ್ರೀತಿ ಇರೋ ಮೆಕ್ಯಾನಿಕ್ ಅದಾನ ಬಿಡ್ರಿ, ಡ್ರೈವರ್ ಸಾಬ್. ರೇಷನ್ ಅಂಗಡ್ಯಾಗ ಒತ್ತಿದಂಗ ಹೆಬ್ಬಟ್ಟು ಒತ್ಯಾನ."

ನಿಜ. ಅಂಟಿನ ಮೇಲೆ ಗೆರೆಗೆರೆಯಾಗಿ ಹೆಬ್ಬೆರಳಿನ ಗುರುತಿತ್ತು, ನಡುವೆ ಅಡ್ಡಡ್ಡ ಗಾಯದ ಗೀರಿನೊಂದಿಗೆ. ಅಪ್ಪನ ಬಲಗೈ ಹೆಬ್ಬೆರಳಿಗೆ ರೇಡಿಯೇಟರ್ ಫ್ಯಾನ್ ತಾಗಿದ್ದು ನಮ್ಮ ಬೀದಿಗೆಲ್ಲ ಗೊತ್ತು. ಅವನು ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ.  ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದ: "ನಿಮ್ಮವ್ವನ ಮುಂದ ಹೇಳಬ್ಯಾಡ."

ಚಾಚಾ ಎರಡು ದಾರಿ ಇಟ್ಟರು. ಕೊಪ್ಪಳದಲ್ಲಿ ಕಂಡಂಥ ಹೊಸದನ್ನು ತರಿಸಬಹುದು. ಇಲ್ಲವೇ ಇದೇ ದಪ್ಪ ಕಬ್ಬಿಣದ ಮೈಯನ್ನು ಉಳಿಸಿಕೊಂಡು, ಗಿರಣಿ ಮೋಟಾರಿಗೆ ಮಾಡುವಂತೆ ಹೊಸ ತಂತಿ ಸುತ್ತಿ, ಎರಡು ಸಲ ವಾರ್ನಿಶ್ ಕುಡಿಸಿ ಬೇಯಿಸಿ, ಮುಚ್ಚಳದ ಸಂದಿಗೆ ರಬ್ಬರ್ ಬಳೆ ಹಾಕಿ, ತೂತನ್ನು ಕೆಳಮುಖವಾಗಿ ಬಿಡಬಹುದು. ಹೊಸದರ ತಳದಲ್ಲಿ ನಾನು ತೂತು ಕಂಡಿರಲಿಲ್ಲ. ಹಳೆಯದನ್ನೇ ಆರಿಸಿದೆ.

ಮೂರನೇ ದಿನ ಹೋದಾಗ ಅಭ್ಯಾಸದಂತೆ ಬಾಟಲಿ ತೆಗೆದೆ. ಚಾಚಾ ಅದನ್ನು ಇಸಿದುಕೊಂಡು ಅರ್ಧ ತಾವು ಕುಡಿದರು. ಉಳಿದದ್ದನ್ನು ಮೋಟಾರಿನ ಬಾಯಿಗೆ ಸುರಿದು, ತಳದಿಂದ ಹನಿ ನಿಲ್ಲುವವರೆಗೆ ಕಾದು, ಬ್ಯಾಟರಿಯ ತಂತಿ ಮುಟ್ಟಿಸಿದರು. ಹಲಗೆ ಸಮೇತ ಅದುರಿತು.

ಅಮಾವಾಸ್ಯೆ ಬಂತು. ಅಪ್ಪ ಕಾರನ್ನು ಕಾಲುವೆಗಿಳಿಸಿ, ಎಂದಿಗಿಂತ ಹೆಚ್ಚು ಹೊತ್ತು ತೊಳೆದ. ಮರುದಿನ ಅವ್ವ ಯಲಬುರ್ಗಾ ಕಡೆಯ ತಳಕಲ್ಲಿಗೆ ಹೊರಟಿದ್ದಳು, ತಂಗಿಯ ಮನೆಗೆ. ಹಳೇ ಸೀರೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಳು, ಒಳ್ಳೆಯದನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಅಪ್ಪ ಸ್ಟೇರಿಂಗನ್ನು ಒಮ್ಮೆ ಸವರಿ ಕೀ ಹಿಡಿದ. ಆಮೇಲೆ ತಿರುಗಿಸಿದ. ಕಾರು ಒಂದೇ ಸಲಕ್ಕೆ ಎದ್ದಿತು.

ಗೋಡೆಯ ಮೇಲೆ ಸಾಲಾಗಿ ಕೂತಿದ್ದ ಮಕ್ಕಳ ಮುಖ ಇಳಿಯಿತು. ತುದಿಯಲ್ಲಿದ್ದ ಹುಡುಗಿ ಕೇಳಿದಳು, "ಟೀಚರ್, ಇವತ್ತ ಎಣಿಸೋದು ಇಲ್ಲೇನ್ರಿ?"

"ಇಲ್ಲ. ನಾಳಿ ಇಪ್ಪತ್ತೊಂದರಿಂದ ಚಾಲೂ," ಎಂದು ಅವ್ವ ಕಿಟಕಿಯ ಗಾಜು ಏರಿಸಿದಳು.

ಸಂಜೆ ಮರಳಿ ಬಂದಾಗ ಅವಳು ಅಪ್ಪನಿಗೆ ಎರಡು ಸಲ ಚಹಾ ಮಾಡಿಕೊಟ್ಟಳು, ಗುಜರಿಯ ಸುದ್ದಿ ಎತ್ತಲಿಲ್ಲ. ಎಲ್ಲ ಮುಗಿಯಿತೆಂದುಕೊಂಡು ಅಂಗಳಕ್ಕೆ ಬಂದೆ. ಕಾರಿನ ಕೆಳಗಿನಿಂದ ಅಪ್ಪನ ಕಾಲುಗಳು ಕಾಣುತ್ತಿದ್ದವು. ಪಕ್ಕದಲ್ಲಿ ಅವನ ತಗಡಿನ ಪೆಟ್ಟಿಗೆ ತೆರೆದಿತ್ತು, ಮೇಲೇ ಆ ಬೂದು ಅಂಟಿನ ಪೊಟ್ಟಣ. ಏನು ಮಾಡುತ್ತಿದ್ದೀ ಎಂದೆ. ತೂತು ಮುಚ್ಚುವುದಿಲ್ಲ, ಅದರ ಸುತ್ತ ಮಾತ್ರ ತೆಳ್ಳಗೆ ಒಂದು ಕೈ, ನಾಳೆ ಬೆಳಕಿನಲ್ಲಿ ಹಚ್ಚುತ್ತೇನೆ ಎಂದು ಕಾರಿನ ಕೆಳಗಿನಿಂದಲೇ ಹೇಳಿದ. ದನಿಯಲ್ಲಿ ಅಷ್ಟು ಅಕ್ಕರೆ ಇತ್ತು; ವಾದಿಸಿ ಪ್ರಯೋಜನವಿರಲಿಲ್ಲ.

ಮರುದಿನ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲು ಎದ್ದೆ. ಪೆಟ್ಟಿಗೆಯಿಂದ ಪೊಟ್ಟಣ ತೆಗೆದು, ಎರಡೂ ಮುದ್ದೆಯನ್ನು ಒಂದೇ ಬಣ್ಣ ಬರುವವರೆಗೆ ಕಲಸಿ, ಬಚ್ಚಲ ತೊಟ್ಟಿಯ ಬಿರುಕಿಗೆ ತುಂಬಿದೆ. ಇನ್ನೂ ಸ್ವಲ್ಪ ಉಳಿಯಿತು. ಅದನ್ನು ಹಿತ್ತಲ ನಲ್ಲಿಯ ಬುಡಕ್ಕೆ ಮೆತ್ತಿ, ಬೆರಳಿನ ಗುರುತು ಉಳಿಯದಂತೆ ಒದ್ದೆ ಬಟ್ಟೆಯಿಂದ ಒರೆಸಿದೆ. ಖಾಲಿ ಪೊಟ್ಟಣವನ್ನು ತುಂಬಿರುವಂತೆ ಉಬ್ಬಿಸಿ ಮಡಿಸಿ ಅಪ್ಪನ ಪೆಟ್ಟಿಗೆಯಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟೆ, ಮತ್ತೆ ಹೋಗಿ ಹೊದ್ದು ಮಲಗಿದೆ.